ಕಾವಲಿಯೋ, ಓವನ್ನೋ? ಕರಾವಳಿಯ ಅಡುಗೆಮನೆಗೆ ಒಗ್ಗುವ ಪಿಜ್ಜಾ

ಮನೆಯಲ್ಲಿ ಪಿಜ್ಜಾ ಮಾಡಲು ಹೊರಟವರು ಮೊದಲು ಕೇಳುವುದು, ಯಾವ ಓವನ್ ಕೊಳ್ಳಬೇಕು ಎಂದು. ಮಂಗಳೂರು, ಉಡುಪಿ ಕಡೆಯ ಹೆಚ್ಚಿನ ಮನೆಗಳಿಗೆ ನನ್ನ ಉತ್ತರ, ಸದ್ಯಕ್ಕೆ ಯಾವುದೂ ಬೇಡ. ದೋಸೆ ಹೊಯ್ಯುವ ಬೀಡಿನ ಕಾವಲಿ ಮನೆಯಲ್ಲಿದೆ ತಾನೇ? ಅದರಿಂದಲೇ ಶುರು ಮಾಡಿ. ಓವನ್ನಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಸ್ವಲ್ಪ ಒಳ್ಳೆಯ ಚೀಸ್‌ಗೆ ಹೋಗಲಿ, ಹಿಟ್ಟಿಗೆ ಒಂದು ಇಡೀ ದಿನ ಸಿಗಲಿ. ಮನೆಯ ಪಿಜ್ಜಾ ಕೈಕೊಡುವುದು ಹೆಚ್ಚಾಗಿ ಈ ಎರಡು ಕಡೆಯಲ್ಲೇ.

ಓವನ್ ಬೇಕೇ ಬೇಕಾದ ಮನೆಗಳೂ ಇವೆ. ಎಂಟು ಜನ ಒಟ್ಟಿಗೆ ಕೂತು ತಿನ್ನುವ ಮನೆಯಲ್ಲಿ ಕಾವಲಿಯನ್ನು ನಂಬಿದರೆ ಒಬ್ಬರು ಒಲೆಯ ಮುಂದೆಯೇ ನಿಂತಿರಬೇಕಾಗುತ್ತದೆ. ಹಾಗಾಗಿ ನಿಮ್ಮಲ್ಲಿರುವ ಬೆಂಕಿ ಯಾವುದು ಎಂದು ಮೊದಲು ನೋಡಿಕೊಳ್ಳಿ. ಹಿಟ್ಟು, ಸಾಸ್, ಚೀಸ್ ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಆರಿಸಿಕೊಳ್ಳಬೇಕು.

ಬೆಂಕಿ

ಪಿಜ್ಜಾದ ತವರಾದ ನೇಪಲ್ಸ್‌ನಲ್ಲಿ ಕಟ್ಟಿಗೆ ಒಲೆಯ ಶಾಖ 430 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. 60ರಿಂದ 90 ಸೆಕೆಂಡಿನೊಳಗೆ ಪಿಜ್ಜಾ ಬೆಂದು ಹೊರಬರುತ್ತದೆ. ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಅಲ್ಲಿನ ಈ ಕಸುಬನ್ನೇ. ಅವರ ಹಿಟ್ಟಿಗೆ ಬೀಳುವುದು ಗೋಧಿಯ ನುಣುಪು ಹಿಟ್ಟು, ನೀರು, ಉಪ್ಪು, ಯೀಸ್ಟ್ ಇಷ್ಟೇ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. ಅಷ್ಟು ಉರಿಯಲ್ಲಿ ಹೊರಗೆ ಚುಕ್ಕೆ ಚುಕ್ಕೆಯಾಗಿ ಕರಟಿದರೂ ಒಳಗೆ ತೇವ ಉಳಿದಿರುತ್ತದೆ.

ನಮ್ಮ ಮನೆಗಳ ಓಟಿಜಿಯ (ಓವನ್-ಟೋಸ್ಟರ್-ಗ್ರಿಲ್ ಎಂಬ ಕರೆಂಟಿನ ಸಣ್ಣ ಓವನ್ನಿನ) ತಿರುಗುಗುಂಡಿ 250ಕ್ಕೆ ನಿಲ್ಲುತ್ತದೆ, ಕೆಲವದರಲ್ಲಿ 230ಕ್ಕೇ. ನೇಪಲ್ಸ್‌ನ ಲೆಕ್ಕದ ಹಿಟ್ಟನ್ನು ಅದರಲ್ಲಿಟ್ಟರೆ ಬಣ್ಣ ಬರುವಷ್ಟರಲ್ಲಿ ಒಳಗಿನ ನೀರೆಲ್ಲ ಆರಿರುತ್ತದೆ. ಹಾಗಾಗಿ ಮನೆಯ ಹಿಟ್ಟಿಗೆ ಸ್ವಲ್ಪ ಎಣ್ಣೆ ಬೇಕು, ಓವನ್ನಿಗಾದರೆ ಚಿಟಿಕೆ ಸಕ್ಕರೆಯೂ ಬೇಕು. ಎಣ್ಣೆ ಮೆದು ಉಳಿಸುತ್ತದೆ, ಸಕ್ಕರೆ ಬೇಗ ಕೆಂಪಗಾಗಿಸುತ್ತದೆ. ಅಸಲಿ ಇಟಾಲಿಯನ್ ಪಾಕ ಎಂದು ಎಲ್ಲೋ ಓದಿ ಇವೆರಡನ್ನೂ ಬಿಟ್ಟವರ ಪಿಜ್ಜಾ ಹಪ್ಪಳದಂತಾಗುವುದು ಇದರಿಂದಲೇ.

ಬೀಡಿನ ಕಾವಲಿಯ ಬಲವೆಂದರೆ ತಳದ ಶಾಖ. ದಪ್ಪ ಬೀಡು ಹೀರಿಕೊಂಡ ಬಿಸಿಯನ್ನು ಹಿಡಿದಿಟ್ಟು ಒಮ್ಮೆಲೇ ಹಿಟ್ಟಿಗೆ ಕೊಡುತ್ತದೆ. ಅಡಿ ಗರಿಗರಿಯಾಗುವ ವಿಷಯದಲ್ಲಿ ಸಾಮಾನ್ಯ ಓಟಿಜಿಯ ತೆಳು ಟ್ರೇ ಇದರ ಹತ್ತಿರಕ್ಕೂ ಬರುವುದಿಲ್ಲ. ಕೊರತೆ ಮೇಲ್ಭಾಗದ್ದು: ಮೇಲಿನಿಂದ ಬೆಂಕಿ ಇಲ್ಲ, ಚೀಸ್ ಕರಗುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಇದಕ್ಕೆ ಪರಿಹಾರ ಮಗುಚುವುದು. ಕಾವಲಿಗೆ ನೀರು ಚಿಮುಕಿಸಿದಾಗ ಹನಿಗಳು ತಕ್ಷಣ ಆರದೆ ಉರುಳಾಡಿದರೆ ಹದವಾಗಿದೆ ಎಂದು ತಿಳಿಯಿರಿ. ಉರಿ ಮಧ್ಯಮಕ್ಕೆ ಇಳಿಸಿ, ಎಣ್ಣೆ ಹಾಕದೆ, ಕೈಯಲ್ಲಿ ಅಗಲಿಸಿದ ಹಿಟ್ಟನ್ನು ಹಾಕಿ. ಅರ್ಧ ನಿಮಿಷದಲ್ಲಿ ಮೇಲೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ, ಹಸಿ ಹಿಟ್ಟಿನ ಹೊಳಪು ಅಂಚಿನಿಂದ ಶುರುವಾಗಿ ಒಳಗೊಳಗೆ ಮಂಕಾಗುತ್ತಾ ಬರುತ್ತದೆ. ನಡುವಿನಲ್ಲಿ ಅಂಗೈಯಗಲ ಹೊಳಪು ಉಳಿದಿರುವಾಗ ಚಟ್ಟುಗದಿಂದ ಅಂಚು ಎತ್ತಿ ನೋಡಿ. ಅಡಿಯಲ್ಲಿ ಕಂದು ಚುಕ್ಕೆಗಳಿದ್ದರೆ ಮಗುಚಿ ಹಾಕಿ ಉರಿ ಸಣ್ಣ ಮಾಡಿ. ಬೆಂದ ಆ ಚುಕ್ಕೆಯ ಮುಖಕ್ಕೆ ಸಾಸ್ ಸವರಿ, ಚೀಸ್ ಹರಡಿ, ಮುಚ್ಚಳ ಮುಚ್ಚಿ ನಾಲ್ಕೈದು ನಿಮಿಷ ಬಿಡಿ. ಈ ಬೆಂದ ಮುಖ ಇಲ್ಲಿ ಬಹಳ ಮುಖ್ಯ. ಸಾಸಿನ ನೀರು ಹಿಟ್ಟಿಗೆ ಇಳಿಯದಂತೆ ತಡೆಯುವುದು ಅದೇ. ಕೊನೆಯ ಒಂದು ನಿಮಿಷ ಮುಚ್ಚಳವನ್ನು ಸ್ವಲ್ಪ ಸರಿಸಿ ಇಡಬೇಕು, ಇಲ್ಲವಾದರೆ ಮುಚ್ಚಳದಲ್ಲಿ ಕಟ್ಟಿದ ಹಬೆ ಹನಿಹನಿಯಾಗಿ ಚೀಸ್ ಮೇಲೆ ಬೀಳುತ್ತದೆ.

ನಾನ್‌ಸ್ಟಿಕ್ ತವಾ ಈ ಕೆಲಸಕ್ಕೆ ಆಗದು. ಅದರ ಲೇಪ 260 ಡಿಗ್ರಿ ದಾಟಿದ ಮೇಲೆ ಹಾಳಾಗತೊಡಗುತ್ತದೆ, ಖಾಲಿ ತವಾ ಜೋರು ಉರಿಯಲ್ಲಿ ಆ ಶಾಖಕ್ಕೆ ಬೇಗ ಏರುತ್ತದೆ. ನಾನ್‌ಸ್ಟಿಕ್ ಮಾತ್ರ ಇದ್ದರೆ ಉರಿ ಮಧ್ಯಮ ದಾಟಿಸಬೇಡಿ, ಅಡಿ ಸ್ವಲ್ಪ ಮೆದುವಾದರೂ ಪರವಾಗಿಲ್ಲ ಎಂದುಕೊಳ್ಳಿ.

ಇನ್ನು ಓಟಿಜಿ. ಮಣಿಪಾಲದಲ್ಲಿರುವ ನನ್ನ ಅತ್ತಿಗೆಯ ಮನೆಯಲ್ಲಿ ಇದೆ. ಅವರ ದೂರು ಓಟಿಜಿ ಇರುವ ಎಲ್ಲರ ದೂರೂ ಹೌದು: "ಎಂತ ಮಾರಾಯ್ತಿ, ಮೇಲೆ ಚೀಸ್ ಕರಟಿ ಹೋಗ್ತದೆ, ಅಡಿ ನೋಡಿದ್ರೆ ಬಿಳಿಚಿಕೊಂಡೇ ಇರ್ತದೆ." ಓವನ್ನಿನ ಜೊತೆ ಬರುವ ತೆಳು ಟ್ರೇ, ಮೇಲಾಗಿ ಐದೇ ನಿಮಿಷ ಬಿಸಿ ಮಾಡಿದ ಓವನ್, ಇವೆರಡೂ ಸೇರಿದರೆ ಹಾಗಾಗದೆ ಇನ್ನೇನು? ಹಿಡಿ ಇಲ್ಲದ, ಎರಡು ಕಿವಿಯ ಬೀಡಿನ ಕಾವಲಿಯನ್ನು ಓಟಿಜಿಯೊಳಗೆ ಕವುಚಿ ಇಟ್ಟು, ಗರಿಷ್ಠ ಶಾಖದಲ್ಲಿ ಅರ್ಧ ಗಂಟೆ ಕಾಯಿಸಿ, ಅದರ ಬೆನ್ನ ಮೇಲೆ ಪಿಜ್ಜಾ ಜಾರಿಸಿ. ಎಂಟು ನಿಮಿಷದ ಹೊತ್ತಿಗೆ ಅಡಿಯೂ ಮೇಲೂ ಒಟ್ಟಿಗೆ ಹದಕ್ಕೆ ಬರುತ್ತವೆ. ಪಿಜ್ಜಾ ಸ್ಟೋನ್ ಎಂದು ಮಾರುವ ಕಲ್ಲೂ ಇದೇ ಕೆಲಸ ಮಾಡುತ್ತದೆ. ಆದರೆ ಕಲ್ಲಿಗಿಂತ ಕಬ್ಬಿಣ ಶಾಖವನ್ನು ಎಷ್ಟೋ ಪಟ್ಟು ಬೇಗ ದಾಟಿಸುತ್ತದೆ, ಕೆಳಕ್ಕೆ ಬಿದ್ದರೆ ಒಡೆಯುವ ಭಯವೂ ಕಡಿಮೆ. 250 ಡಿಗ್ರಿಯ ಓವನ್ನಿಗೆ ನಾನು ಕಲ್ಲನ್ನು ಶಿಫಾರಸು ಮಾಡುವುದಿಲ್ಲ.

ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ. 1500 ವ್ಯಾಟ್‌ನ ಓಟಿಜಿ ಅರ್ಧ ಗಂಟೆ ಎಡೆಬಿಡದೆ ಉರಿದರೂ ಮುಕ್ಕಾಲು ಯೂನಿಟ್. ಹೆದರಬೇಕಾದ್ದು ಆಷಾಢದ ಸಂಜೆಗೆ. ಗಾಳಿಮಳೆಗೆ ಮರದ ಗೆಲ್ಲು ತಂತಿಯ ಮೇಲೆ ಬಿದ್ದು ಕರೆಂಟು ಹೋದರೆ ಓವನ್ ತಣ್ಣಗೆ ಕೂರುತ್ತದೆ, ಗ್ಯಾಸಿನ ಮೇಲಿನ ಕಾವಲಿ ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಹೊಸದಾಗಿ ಓಟಿಜಿ ಕೊಳ್ಳುವವರು 28 ಲೀಟರಿಗಿಂತ ಸಣ್ಣದು ತರಬೇಡಿ. ಅದಕ್ಕಿಂತ ಚಿಕ್ಕದರಲ್ಲಿ ಹತ್ತು ಇಂಚಿನ ಪಿಜ್ಜಾ ಗೋಡೆಗೆ ತಾಗಬಹುದು. ಮೇಲಿನ ಸರಳು, ಕೆಳಗಿನ ಸರಳು ಬೇರೆ ಬೇರೆಯಾಗಿ ಹೊತ್ತಿಸಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ನನಗೆ ಅತ್ಯಂತ ಇಷ್ಟದ ದಾರಿ ಎರಡನ್ನೂ ಸೇರಿಸಿದ್ದು: ಅಡಿಯನ್ನು ಒಲೆಯ ಮೇಲೆ ಕಾವಲಿಯಲ್ಲಿ ಮೂರು ನಿಮಿಷ ಬೇಯಿಸಿ, ಕಾವಲಿ ಸಮೇತ ಎತ್ತಿ ಮೇಲಿನ ಸರಳು ಕೆಂಪಗೆ ಕಾದ ಓಟಿಜಿಗೆ ಇಟ್ಟರೆ ಇನ್ನು ಮೂರೇ ನಿಮಿಷ. ಇಲ್ಲಿ ಮಗುಚುವುದು ಬೇಡ, ಹಿಟ್ಟು ಕಾವಲಿಗೆ ಬಿದ್ದ ಕೂಡಲೇ ಸಾಸ್, ಚೀಸ್ ಹಾಕಬೇಕು. ಎರಡೂ ಇದ್ದವರು ಇದನ್ನೇ ಮಾಡಿ.

ಕನ್ವೆಕ್ಷನ್ ಮೈಕ್ರೋವೇವ್ ನಡೆಯುತ್ತದೆ, ಆದರೆ ಕನ್ವೆಕ್ಷನ್ ಗುಂಡಿ ಒತ್ತಿದ್ದೀರಾ ಎಂದು ನೋಡಿ. ಬರೀ ಮೈಕ್ರೋವೇವ್‌ನಲ್ಲಿ ಹಿಟ್ಟು ರಬ್ಬರಾಗುತ್ತದೆ. ಏರ್ ಫ್ರೈಯರ್ ಒಬ್ಬರಿಗೋ ಇಬ್ಬರಿಗೋ ಸರಿ. ಅದರ ಗಾಳಿ ಮೇಲಿನಿಂದ ಬರುವುದರಿಂದ ಹಿಟ್ಟನ್ನು ಮೊದಲು ಕಾವಲಿಯಲ್ಲಿ ಎರಡೂ ಬದಿ ಬಾಡಿಸಿ ಆಮೇಲೆ ಇಡಬೇಕು. ಅಂಗಳದಲ್ಲಿಡುವ ಗ್ಯಾಸಿನ ಪಿಜ್ಜಾ ಓವನ್ 400 ಡಿಗ್ರಿ ದಾಟುತ್ತದೆ, ನೇಪಲ್ಸ್ ಮಾದರಿ ಬೇಕೆಂದು ಹಟ ಹಿಡಿದವರಿಗೆ ಅದೊಂದು ದಾರಿ. ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಊರಲ್ಲಿ ಅದಕ್ಕೊಂದು ಮಾಡು ಹಾಕಿಸುವ ಖರ್ಚನ್ನೂ ಸೇರಿಸಿಕೊಳ್ಳಿ.

ಹಿಟ್ಟು, ಮತ್ತು ನಮ್ಮೂರ ಸೆಕೆ

ಮೈದಾವೋ, ಗೋಧಿ ಹಿಟ್ಟೋ, ಆಮದಾದ "00" ಹಿಟ್ಟೋ? 00 ಎಂಬುದು ಹಿಟ್ಟಿನಿಂದ ತೌಡನ್ನು ಎಷ್ಟು ತೆಗೆದಿದ್ದಾರೆ ಎಂಬುದರ ಗುರುತು. ಅದು ಜೋರು ಉರಿಯ ಒಲೆಗೆ ಹೇಳಿ ಮಾಡಿಸಿದ್ದು, 250 ಡಿಗ್ರಿಯಲ್ಲಿ ಕೆಂಪಗಾಗಲು ಸತಾಯಿಸುತ್ತದೆ. ಮನೆಯ ಓಟಿಜಿಗೆ, ಕಾವಲಿಗೆ ಅದಕ್ಕೆ ದುಡ್ಡು ಸುರಿಯುವುದು ದಂಡ. ನಮ್ಮ ಅಂಗಡಿಯ ಮೈದಾದಲ್ಲಿ ಸಾಮಾನ್ಯವಾಗಿ ನೂರಕ್ಕೆ 10-11 ಪಾಲು ಪ್ರೋಟೀನ್ ಇರುತ್ತದೆ, ಒಂದು ದಿನ ಫ್ರಿಜ್ಜಿನಲ್ಲಿ ಕೂರುವ ಹಿಟ್ಟಿಗೆ ಅಷ್ಟು ಸಾಕು. ಪೊಟ್ಟಣದ ಹಿಂಬದಿ ಓದಿ, 11ರ ಹತ್ತಿರ ಇರುವುದನ್ನು ಆರಿಸಿ. ಗೋಧಿ ಹಿಟ್ಟಿನಲ್ಲಿ ಪ್ರೋಟೀನ್ ಇನ್ನೂ ಹೆಚ್ಚಿದ್ದರೂ ತೌಡು ಹಿಟ್ಟಿನ ಎಳೆಗಳನ್ನು ತುಂಡರಿಸುತ್ತದೆ, ಹಾಗಾಗಿ ಪೂರ್ತಿ ಗೋಧಿಯ ಪಿಜ್ಜಾ ಉಬ್ಬುವುದಿಲ್ಲ. ಮೈದಾ ಕಡಿಮೆ ತಿನ್ನಬೇಕೆನ್ನುವವರು ಮೂರನೇ ಒಂದು ಪಾಲು ಗೋಧಿ ಸೇರಿಸಿ, ನೀರನ್ನು ಒಂದೆರಡು ಚಮಚ ಹೆಚ್ಚಿಸಿ. ರುಚಿಯೂ ಗಟ್ಟಿಯಾಗಿರುತ್ತದೆ.

ಮೂರು ಕಾವಲಿ ಪಿಜ್ಜಾಕ್ಕೆ ಅಳತೆ: 300 ಗ್ರಾಂ ಮೈದಾ, 190 ಗ್ರಾಂ ತಣ್ಣೀರು, 6 ಗ್ರಾಂ ಉಪ್ಪು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಎರಡು ಟೀ ಚಮಚ ಎಣ್ಣೆ. ಓವನ್ನಿಗಾದರೆ ಅರ್ಧ ಚಮಚ ಸಕ್ಕರೆ. ಚಪಾತಿ ಹಿಟ್ಟಿಗಿಂತ ಸಡಿಲ, ಕೈಗೆ ಸ್ವಲ್ಪ ಅಂಟಬೇಕು. ಅಂಟುತ್ತದೆಂದು ಮೈದಾ ಉದುರಿಸುತ್ತಾ ಹೋಗಬೇಡಿ, ಹತ್ತು ನಿಮಿಷ ಮುಚ್ಚಿಟ್ಟು ಮತ್ತೆ ನಾದಿದರೆ ತಾನೇ ನುಣುಪಾಗುತ್ತದೆ. ಮಳೆಗಾಲದಲ್ಲಿ ಮೈದಾ ಗಾಳಿಯ ತೇವ ಹೀರಿಕೊಂಡಿರುವುದರಿಂದ ನೀರನ್ನು 180ಕ್ಕೆ ಇಳಿಸಿ ನೋಡಿ, ಬೇಕಾದರೆ ಆಮೇಲೆ ಸೇರಿಸಿ.

ಪರದೇಶದ ಪಾಕಗಳು ನಮ್ಮಲ್ಲಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ರಾತ್ರಿಯಿಡೀ ಮೇಜಿನ ಮೇಲೆ ಬಿಡಿ ಎಂದು ಅವರು ಬರೆಯುವುದು 20 ಡಿಗ್ರಿಯ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಏಪ್ರಿಲ್‌ನಲ್ಲಿ ನಮ್ಮ ಅಡುಗೆಮನೆ 32-33 ಡಿಗ್ರಿಯಲ್ಲಿ ಬೆವರುತ್ತಿರುತ್ತದೆ. ಆ ಸೆಕೆಯಲ್ಲಿ ಯೀಸ್ಟ್ ಮೂರ್ನಾಲ್ಕು ಗಂಟೆಯಲ್ಲೇ ಕೆಲಸ ಮುಗಿಸುತ್ತದೆ, ಬೆಳಗಾಗುವಾಗ ಹಿಟ್ಟು ಕುಸಿದು, ಹುಳಿ ನಾತ ಹೊಡೆದು, ಎಳೆದಲ್ಲಿ ಹರಿಯುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಉಂಡೆ ಕಟ್ಟಿ, ಎಣ್ಣೆ ಸವರಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿ. 24 ಗಂಟೆ ಒಳ್ಳೆಯದು, 48 ಇನ್ನೂ ಒಳ್ಳೆಯದು. ತಣ್ಣಗೆ ನಿಧಾನವಾಗಿ ಹುದುಗುವಾಗ ಹಿಟ್ಟಿಗೆ ರುಚಿ ಬರುತ್ತದೆ, ಎಳೆದರೆ ಎಳೆದಷ್ಟು ಬರುವ ಹದವೂ ಬರುತ್ತದೆ. ಬೇಯಿಸುವ ಮುಕ್ಕಾಲು ಗಂಟೆ ಮೊದಲು ಹೊರಗೆ ತೆಗೆದರಾಯಿತು. ಲಟ್ಟಣಿಗೆ ಮುಟ್ಟಬೇಡಿ. ನಡುವಿನಿಂದ ಹೊರಕ್ಕೆ ಬೆರಳಲ್ಲಿ ಒತ್ತುತ್ತಾ ಅಗಲಿಸಿ, ಅಂಚಿನ ಒಂದು ಬೆರಳಗಲ ಬಿಟ್ಟುಬಿಡಿ. ಒಳಗೆ ಕಷ್ಟಪಟ್ಟು ಕೂಡಿಟ್ಟ ಗಾಳಿಯನ್ನು ಲಟ್ಟಣಿಗೆ ಹೊರಕ್ಕೆ ತಳ್ಳಿಬಿಡುತ್ತದೆ.

ಇವತ್ತೇ ಸಂಜೆಗೆ ಬೇಕು ಎಂದಾದರೆ ಯೀಸ್ಟ್ ಅರ್ಧ ಚಮಚಕ್ಕೆ ಏರಿಸಿ, ಎರಡು ಗಂಟೆ ಹೊರಗಿಡಿ. ಪಿಜ್ಜಾ ಆಗುತ್ತದೆ, ಆದರೆ ಬ್ರೆಡ್ಡಿನ ರುಚಿ.

ಯೀಸ್ಟ್‌ನಲ್ಲಿ ಇನ್‌ಸ್ಟಂಟ್ ಸುಲಭ, ನೇರ ಹಿಟ್ಟಿಗೆ ಹಾಕಬಹುದು. ಆಕ್ಟಿವ್ ಡ್ರೈ ಯೀಸ್ಟನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ನೊರೆ ಬಂದ ಮೇಲೆ ಹಾಕಬೇಕು. ತೆರೆದ ಪೊಟ್ಟಣವನ್ನು ಕರಾವಳಿಯ ಗಾಳಿಗೆ ಬಿಟ್ಟರೆ ಬೇಗ ಸತ್ತುಹೋಗುತ್ತದೆ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಫ್ರೀಜರಿಗೆ ಹಾಕಿ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ 'ಸಣ್ಣ' ಎಂಬ ಮೆದು ಇಡ್ಲಿ ಮಾಡಲು ಬಳಸುವ ಶೇಂದಿಯಿಂದಲೂ ಪಿಜ್ಜಾ ಹಿಟ್ಟು ಏಳುತ್ತದೆ. ಗೋವಾದಲ್ಲಿ ಹಿಂದೆ ಪೊಯ್ ಬ್ರೆಡ್ಡಿಗೆ ಬಳಸುತ್ತಿದ್ದುದೂ ಅದನ್ನೇ. ತಾಜಾ ಶೇಂದಿ ಸಿಗುವವರು ನೀರಿನ ಅರ್ಧ ಪಾಲು ಅದನ್ನು ಹಾಕಿ ನೋಡಬಹುದು, ಹಿತವಾದ ಹುಳಿ ಬರುತ್ತದೆ. ಆದರೆ ಅದರ ಬಲ ಬೆಳಗಿಗೊಂದು ಸಂಜೆಗೊಂದು, ಗಡಿಯಾರವನ್ನು ನಂಬದೆ ಹಿಟ್ಟನ್ನೇ ನೋಡುತ್ತಿರಬೇಕು. ಮೊಸರು, ಸೋಡಾ ಹಾಕಿದ ಹಿಟ್ಟು ಬನ್ಸ್‌ಗೆ ಸೊಗಸು. ಪಿಜ್ಜಾಕ್ಕೆ ಬೇಡ.

ಅಂಗಡಿಯ ರೆಡಿ ಬೇಸ್? ತೀರಾ ಅವಸರಕ್ಕೆ ಮಾತ್ರ. ಅಂಥ ಹೊತ್ತಿನಲ್ಲೂ ನಾನಾದರೆ ಬೇಕರಿಯ ಆ ದಿನದ ಉಂಡೊ ಬ್ರೆಡ್ ತಂದು, ಅಡ್ಡಲಾಗಿ ಸೀಳಿ, ಕಾವಲಿಯಲ್ಲಿ ಬೆಚ್ಚಗೆ ಮಾಡಿ ಅದರ ಮೇಲೆ ಸಾಸ್, ಚೀಸ್ ಹಾಕುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ವಾರ ಕಳೆದ ಬೇಸ್‌ಗಿಂತ ಅದರ ರುಚಿ ಎಷ್ಟೋ ಮೇಲು.

ಸಾಸ್

ನೇಪಲ್ಸ್‌ನಲ್ಲಿ ಡಬ್ಬಿಯ ಟೊಮೆಟೊವನ್ನು ಹಸಿಯಾಗಿಯೇ ಹಿಸುಕಿ ಸವರುತ್ತಾರೆ, ಬೇಯಿಸುವ ಕೆಲಸ ಒಲೆಯದ್ದು. ಕಾವಲಿಗೆ ಹಾಗೆ ಮಾಡಿದರೆ ಪಿಜ್ಜಾ ಸಾರಿನಲ್ಲಿ ನೆನೆದಂತಾಗುತ್ತದೆ. ಘಟ್ಟದ ಮೇಲಿಂದ ಬರುವ ಟೊಮೆಟೊದಲ್ಲಿ ಹೈಬ್ರಿಡ್‌ಗಿಂತ ನಾಟಿಗೆ ಹುಳಿ ಜಾಸ್ತಿ, ರಸವೂ ಜಾಸ್ತಿ. ಅರ್ಧರ್ಧ ಬೆರೆಸಿ. ಅರ್ಧ ಕಿಲೋ ಹಣ್ಣನ್ನು ಬಿಸಿನೀರಲ್ಲಿ ಅದ್ದಿ ಸಿಪ್ಪೆ ಸುಲಿದು, ನೀರು ಹಾಕದೆ ಮಿಕ್ಸಿಯಲ್ಲಿ ತರಿಯಾಗಿ ತಿರುಗಿಸಿ, ಬಾಣಲೆಯಲ್ಲಿ ಸೌಟು ಎಳೆದಲ್ಲಿ ದಾರಿ ಉಳಿಯುವಷ್ಟು ಮಂದ ಬರುವ ತನಕ ಬತ್ತಿಸಿ. ಬೆಳ್ಳುಳ್ಳಿ, ಉಪ್ಪು ಸಾಕು. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಮನೆಗಳಲ್ಲಿ ಎಣ್ಣೆಗೆ ಇಂಗು, ಕಾಳುಮೆಣಸಿನ ಪುಡಿ ಹಾಕಿ ಮಾಡಿದ ಸಾಸ್ ಇದಕ್ಕೆ ಏನೂ ಕಡಿಮೆಯಿಲ್ಲ. ತೆಂಗಿನೆಣ್ಣೆಯ ಪರಿಮಳ ಟೊಮೆಟೊವನ್ನು ಮುಚ್ಚಿಬಿಡುತ್ತದೆ, ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆ ಇರಲಿ. ಟೊಮೆಟೊ ದುಬಾರಿಯಾದ ತಿಂಗಳುಗಳಲ್ಲಿ ಪ್ಯಾಕೆಟ್ಟಿನ ಪ್ಯೂರಿ ಬಳಸಿ. ಕೆಚಪ್ ಮಾತ್ರ ಬೇಡ, ಅದರ ಸಕ್ಕರೆ ಮತ್ತು ವಿನೆಗರ್ ಚೀಸಿನ ರುಚಿಯನ್ನು ಕೊಲ್ಲುತ್ತವೆ.

ಒಣ ಒರೆಗಾನೊ ಇಲ್ಲದಿದ್ದರೆ ಹಿತ್ತಲಿನ ದೊಡ್ಡಪತ್ರೆಯ ಒಂದೆರಡು ಎಲೆ ಸಣ್ಣಗೆ ಹೆಚ್ಚಿ ಹಾಕಿ. ಎರಡರ ಘಾಟಿಗೂ ಕಾರಣ ಕಾರ್ವಕ್ರಾಲ್ ಎಂಬ ಒಂದೇ ಎಣ್ಣೆಯ ಅಂಶ. ಬೇಸಿಲ್ ಎಂದು ದುಬಾರಿ ಕಟ್ಟು ಹುಡುಕುವ ಮೊದಲು ತುಳಸಿಯ ಜಾತಿಗೆ ಸೇರಿದ ಕಾಮಕಸ್ತೂರಿ ಅಕ್ಕಪಕ್ಕದಲ್ಲಿ ಯಾರ ಅಂಗಳದಲ್ಲಾದರೂ ಇದೆಯೇ ನೋಡಿ. ಅದೂ ಬೇಸಿಲ್ಲೇ, ಸೋಂಪಿನ ವಾಸನೆ ಸ್ವಲ್ಪ ಮುಂದು. ಬೆಂದ ಮೇಲೆ ಹಾಕಬೇಕು, ಮೊದಲೇ ಹಾಕಿದರೆ ಕಪ್ಪಾಗುತ್ತದೆ.

ಚೀಸ್

ಇಲ್ಲಿ ಜಿಪುಣತನ ಮಾಡಬೇಡಿ. ಮೂರು ಬಗೆ ಸಿಗುತ್ತವೆ. ಸಂಸ್ಕರಿಸಿದ ಚೀಸ್, ಅಂದರೆ ಕ್ಯೂಬ್, ಸ್ಲೈಸ್ ರೂಪದ್ದು, ಕರಗಿ ಹರಡುತ್ತದೆ, ಎಳೆ ಬರುವುದಿಲ್ಲ. ಅದಕ್ಕೆ ಸೇರಿಸುವ ಲವಣಗಳು ಹಾಲಿನ ಪ್ರೋಟೀನಿನ ಎಳೆಗಳನ್ನು ಬಿಡಿಸಿಬಿಟ್ಟಿರುತ್ತವೆ. ನೀರಲ್ಲಿ ಮುಳುಗಿಸಿಟ್ಟ ತಾಜಾ ಮೊಝರೆಲ್ಲಾ ಬಾಯಿಗೆ ಹಾಕಿದರೆ ಬೆಣ್ಣೆ, ಆದರೆ ನಮ್ಮ ಮಂದ ಉರಿಯಲ್ಲಿ ನೀರು ಬಿಟ್ಟು ಕೆರೆಯಾಗುತ್ತದೆ. ಕಾವಲಿಗೂ ಓಟಿಜಿಗೂ ಸರಿಹೋಗುವುದು ನೀರಿನಂಶ ಕಡಿಮೆಯಿರುವ, ಗಟ್ಟಿ ಗಡ್ಡೆಯ ಪಿಜ್ಜಾ ಮೊಝರೆಲ್ಲಾ. ತುರಿದೇ ಬರುವ ಪ್ಯಾಕೆಟ್ಟಿಗೆ ಅಂಟದಿರಲೆಂದು ಪಿಷ್ಟ ಸವರಿರುತ್ತಾರೆ, ಅದು ಕರಗುವುದು ಒಂದು ಹದ ಕಡಿಮೆ. ಗಡ್ಡೆ ತಂದು ಕಾಲು ಗಂಟೆ ಫ್ರೀಜರಿನಲ್ಲಿಟ್ಟು ನೀವೇ ತುರಿಯಿರಿ. ಎಂಟೊಂಬತ್ತು ಇಂಚಿಗೆ 80 ಗ್ರಾಂ ಸಾಕು. ಹೆಚ್ಚು ಹಾಕಿದರೆ ಜಿಡ್ಡು ಮೇಲೆ ನಿಂತು ಅಡಿ ಮೆತ್ತಗಾಗುತ್ತದೆ.

ಸಸ್ಯಾಹಾರಿಗಳು ಒಂದು ಮಾತು ಗಮನಿಸಬೇಕು. ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಹೆಪ್ಪುಗಟ್ಟಿಸುತ್ತಾರೆ. ಯಾವ ಚೀಸ್ ತಂದರೂ ಪೊಟ್ಟಣದ ಹಸಿರು ಚುಕ್ಕೆ ನೋಡಿಯೇ ತನ್ನಿ.

ಮೇಲೆ ಏನು?

ಏನು ಹಾಕಿದರೂ ನೀರು ಆರಿಸಿ, ಮೊದಲೇ ಬೇಯಿಸಿ ಹಾಕಿ. ಕಾವಲಿಗೆ ಮೇಲಿನಿಂದ ಬೆಂಕಿ ಇಲ್ಲದಿರುವುದರಿಂದ ಹಸಿ ಅಣಬೆ, ಹಸಿ ದೊಣ್ಣೆಮೆಣಸು ಹಾಗೇ ಉಳಿಯುತ್ತವೆ. ಉಡುಪಿಯ ಮಟ್ಟು ಗುಳ್ಳ ಸಿಗುವ ಕಾಲದಲ್ಲಿ ನನಗೆ ಬೇರೆ ಯಾವುದೂ ಬೇಡ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಬದನೆಯ ಸಿಪ್ಪೆ ತೆಳು, ಒಳಗೆ ಮೆದು. ತೆಳು ಬಿಲ್ಲೆ ಮಾಡಿ, ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು, ಒರೆಸಿ, ಕಾವಲಿಯಲ್ಲಿ ಎಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಹುರಿದು ಪಿಜ್ಜಾದ ಮೇಲೆ ಜೋಡಿಸಿ. ಬದನೆ, ಟೊಮೆಟೊ, ಚೀಸ್ ದಕ್ಷಿಣ ಇಟಲಿಯವರ ಮನೆಮಾತಾದ ಜೋಡಿ. ನಮ್ಮ ಗುಳ್ಳ ಅದಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತದೆಂದರೆ, ಮಟ್ಟುವಿನ ಬೆಳೆಗಾರರಿಗೆ ಒಮ್ಮೆ ಇದನ್ನು ತಿನ್ನಿಸಬೇಕು ಅನ್ನಿಸುತ್ತದೆ.

ಮೀನು ತಿನ್ನುವವರು ಸಿಗಡಿಯನ್ನು ಬೆಣ್ಣೆಯಲ್ಲಿ ಎರಡು ನಿಮಿಷ ಬಾಡಿಸಿ ಹಾಕಿ, ಹೆಚ್ಚಾದರೆ ಜಗಿಯಬೇಕಾಗುತ್ತದೆ. ಕುಂದಾಪುರದ ಶೈಲಿಯ ಕೋಳಿ ಘೀ ರೋಸ್ಟ್ ಉಳಿದಿದ್ದರೆ ಎಲುಬು ಬಿಡಿಸಿ ಹಾಕಬಹುದು. ಆಗ ಟೊಮೆಟೊ ಸಾಸ್ ಬೇಡ, ಘೀ ರೋಸ್ಟ್‌ನ ಮಸಾಲೆಯನ್ನೇ ತೆಳುವಾಗಿ ಸವರಿ. ಹುಳಿ, ಖಾರ, ತುಪ್ಪ ಮೂರೂ ಅದರಲ್ಲೇ ಇವೆ. ಅನಾನಸು ಇಷ್ಟಪಡುವವರ ಜೊತೆ ನನಗೆ ಜಗಳವಿಲ್ಲ, ತುಂಡುಗಳನ್ನು ಕಾವಲಿಯಲ್ಲಿ ಕಂದು ಬರುವ ತನಕ ಹುರಿದು ಹಾಕಿದರೆ ಸರಿ.

ಬೆಂದ ಪಿಜ್ಜಾವನ್ನು ಸ್ಟೀಲ್ ತಟ್ಟೆಗೆ ಹಾಕಬೇಡಿ. ನಮ್ಮ ಹಸಿ ಗಾಳಿಯಲ್ಲಿ ಹಬೆ ಹೋಗಲು ಜಾಗವಿಲ್ಲದೆ ಅಡಿ ಎರಡೇ ನಿಮಿಷದಲ್ಲಿ ಬೆವರಿ ಮೆತ್ತಗಾಗುತ್ತದೆ. ಓಟಿಜಿಯ ಜಾಲರಿಯ ಮೇಲೋ ಮರದ ಹಲಗೆಯ ಮೇಲೋ ಒಂದು ನಿಮಿಷ ಬಿಟ್ಟು ಕತ್ತರಿಸಿ. ಉಳಿದ ತುಂಡನ್ನು ಮರುದಿನ ಮೈಕ್ರೋವೇವ್‌ಗೆ ಹಾಕುವುದಕ್ಕಿಂತ ಒಣ ಕಾವಲಿಯಲ್ಲಿ ಸಣ್ಣ ಉರಿಯಲ್ಲಿಟ್ಟು, ಬದಿಯಲ್ಲಿ ನಾಲ್ಕು ಹನಿ ನೀರು ಬಿಟ್ಟು ಮುಚ್ಚಿ. ನೀರಿನ ಹಬೆಗೆ ಚೀಸ್ ಮತ್ತೆ ಸಡಿಲಾಗುತ್ತದೆ, ಅಡಿಯೂ ಗರಿಯಾಗುತ್ತದೆ.